ಕೈಕೆಲಸಕ್ಕೂ ಕರೆಂಟು

ಕೈಯಲ್ಲಿ ಮಾಡುವ ಕೆಲಸಕ್ಕೂ ಕರೆಂಟು ಬೇಕು ಎಂದು ಹಟ ಹಿಡಿಯುತ್ತಿದ್ದ ಒಬ್ಬಳೇ ಒಬ್ಬ ಹೆಂಗಸನ್ನು ನಾನು ಕಂಡಿದ್ದೇನೆ. ಅವಳು ನಮ್ಮ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ತವರಿನವರು ಹುಣಸೆ ತೋಪಿನ ನಲ್ಲೂರಿನ ಕಡೆಯಿಂದ ಬಂದು ಕರೆದರೂ ಹೋಗದೆ ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲೇ ಉಳಿದಿದ್ದಳು. ಮನೆಯ ಹಿಂದಿನ ಷೆಡ್ಡಿನಲ್ಲಿ ನಮ್ಮ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಮಗ್ಗಗಳಿಗೆ ಅಪ್ಪ ಯಜಮಾನ, ಅಪ್ಪನಿಗೆ ದೊಡ್ಡಮ್ಮ ಯಜಮಾನಿ ಎಂದು ಅಮ್ಮ ಹೇಳುತ್ತಿದ್ದಳು. ಹೇಳುವಾಗ ನಗುತ್ತಿರಲಿಲ್ಲ.

ದೊಡ್ಡಮ್ಮನ ಕೆಲಸ ಹಾಸು ಕೆಚ್ಚುವುದು. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆಗಳು ನೇಯ್ದು ನೇಯ್ದು ಮುಗಿಯುತ್ತ ಬಂದಾಗ, ಹೊಸ ಎಳೆಗಳನ್ನು ಸುತ್ತಿದ ಬೀಮನ್ನು ತಂದು ಮಗ್ಗದ ಹಿಂದೆ ಕೂರಿಸುತ್ತಾರೆ. ಹಳೆಯ ಒಂದೊಂದು ಎಳೆಯ ಬಾಲಕ್ಕೆ ಹೊಸ ಒಂದೊಂದು ಎಳೆಯ ತಲೆಯನ್ನು ಬೆರಳಿನಲ್ಲಿ ಹೊಸೆದು ಸೇರಿಸಬೇಕು. ಅದೇ ಕೆಚ್ಚುವುದು. ಸಾವಿರಾರು ಎಳೆ, ಒಂದೊಂದೂ ಕೂದಲಿಗಿಂತ ತೆಳು. ಬೆರಳು ಜಾರದಿರಲೆಂದು ಪಕ್ಕದ ಬಟ್ಟಲಲ್ಲಿ ಬೂದಿ. ಈ ಕೆಲಸದಲ್ಲಿ ಕಣ್ಣು ನೆಪಕ್ಕೆ, ದುಡಿಯುವುದು ಬೆರಳ ತುದಿ. ಹಿಡಿದದ್ದು ಒಂದು ಎಳೆಯೋ ಎರಡೋ ಎಂದು ಅದಕ್ಕೆ ಗೊತ್ತಾಗಬೇಕು. ಎರಡನ್ನು ಒಂದೆಂದು ತಿಳಿದು ಹೊಸೆದುಬಿಟ್ಟರೆ ಆ ಹಾಸು ಮುಗಿಯುವವರೆಗೂ ನೇಯ್ದ ಪ್ರತಿ ಸೀರೆಯಲ್ಲೂ ಉದ್ದಕ್ಕೊಂದು ಗೆರೆ. ಗೆರೆ ಬಿದ್ದ ಸೀರೆಯನ್ನು ಅಂಗಡಿಯವರು ಬಿಚ್ಚಿ ನೋಡಿ, ಏನೂ ಮಾತಾಡದೆ ಮಡಚಿ ವಾಪಸ್ ಕೊಡುತ್ತಾರೆ. ಅವರು ಬೈದರೆ ಎಷ್ಟೋ ವಾಸಿ.

ದೊಡ್ಡಮ್ಮ ಕೆಚ್ಚುವಾಗ ಅವಳ ಮುಂದಿನ ಮಗ್ಗ ನಿಂತಿರಲೇಬೇಕು. ಆದರೆ ಉಳಿದ ಮೂರು ಮಗ್ಗಗಳು ಪಕ್ಕದಲ್ಲಿ ಹುಚ್ಚೆದ್ದು ಓಡುತ್ತಿರುತ್ತಿದ್ದವು. ಅವಳು ನೆಲದ ಮೇಲೆ ಕೂತು, ಎರಡೂ ಪಾದವನ್ನು ಮಗ್ಗದ ಕಾಲಿಗೆ ಒತ್ತಿ, ಮೊಣಕೈಯನ್ನು ಮಗ್ಗದ ಚೌಕಟ್ಟಿನ ಮೇಲೆ ಊರಿಕೊಳ್ಳುತ್ತಿದ್ದಳು. ಆಗ ಅವಳನ್ನು ಮಾತಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ಕರೆಂಟು ಹೋದರೆ ಮಾತ್ರ ಕೈ ಎತ್ತಿಬಿಡುತ್ತಿದ್ದಳು. ಬೂದಿ ಬಟ್ಟಲು ಪಕ್ಕಕ್ಕಿಟ್ಟು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಗೋಡೆಗೆ ಒರಗಿಬಿಡುತ್ತಿದ್ದಳು.

"ಅತ್ತಿಗೆ, ಬೆಳಕಿದೆಯಲ್ಲಾ, ಮಾಡ್ಬಾರ್ದಾ?" ಎಂದು ಅಪ್ಪ ಕೇಳಿದರೆ, "ಕರೆಂಟ್ ಬರ್ಲಿ ಕಣಪ್ಪಾ," ಅನ್ನುತ್ತಿದ್ದಳು.

"ಬೆರಳಿಗ್ಯಾವ ಕರೆಂಟು?"

"ಅದೆಲ್ಲಾ ನಂಗೊತ್ತಿಲ್ಲ. ಕರೆಂಟ್ ಬರ್ಲಿ."

ಅಮ್ಮ ಅಡುಗೆಮನೆಯಲ್ಲಿ ನನಗೆ ಮಾತ್ರ ಕೇಳುವ ಹಾಗೆ, ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುತ್ತಿದ್ದಳು. ಬೀದಿಯವರೂ ಆಡಿಕೊಳ್ಳುತ್ತಿದ್ದರು. ಕರೆಂಟು ಹೋದ ತಕ್ಷಣ ಎದುರು ಮನೆಯವರು, "ಏನಮ್ಮಾ, ನಿಮ್ಮ ಕೈ ಮೋಟ್ರು ನಿಂತೋಯ್ತಾ?" ಎಂದು ಕೂಗುತ್ತಿದ್ದರು. ದೊಡ್ಡಮ್ಮ ಎಲೆ ಅಡಿಕೆ ಅಗಿಯುತ್ತಲೇ, "ನಿಂತೋಗಿರೋದು ನಿನ್ನ ಬುದ್ಧಿ," ಅನ್ನುತ್ತಿದ್ದಳು.

ಸದ್ದಿನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ನಮ್ಮ ಬೀದಿಯಲ್ಲಿ ಹುಟ್ಟಿದವರಿಗೆ ಮಗ್ಗದ ಸದ್ದು ಕೇಳಿಸುವುದಿಲ್ಲ, ನಿಂತದ್ದು ಕೇಳಿಸುತ್ತದೆ. ಬೆಂಗಳೂರಿನಿಂದ ಬಂದ ನೆಂಟರು ಬೆಳಗಾಗುವ ಹೊತ್ತಿಗೆ ಕೆಂಗಣ್ಣು ಮಾಡಿಕೊಂಡು ಕೂತಿರುತ್ತಿದ್ದರು. ನಾವು "ಚೆನ್ನಾಗಿ ನಿದ್ದೆ ಬಂತಾ?" ಎಂದು ಕೇಳುತ್ತಿದ್ದೆವು, ಮನಸ್ಸಿನಿಂದಲೇ ಕೇಳುತ್ತಿದ್ದೆವು. ಮಗ್ಗದ ಸದ್ದಿನ ಮೇಲೆ ಹತ್ತಿ ಮಾತಾಡಿ ಅಭ್ಯಾಸವಾದ ಗಂಟಲಿಗೆ, ಕರೆಂಟು ಹೋದ ಮೇಲೂ ಇಳಿಯಲು ಸ್ವಲ್ಪ ಹೊತ್ತು ಬೇಕು. ಆ ಸ್ವಲ್ಪ ಹೊತ್ತಿನಲ್ಲಿ ನಮ್ಮ ಬೀದಿಯ ಎಷ್ಟೋ ಗುಟ್ಟುಗಳು ಹೊರಗೆ ಬಿದ್ದಿವೆ. ನನ್ನನ್ನು ನೋಡಲು ಬರಬೇಕಿದ್ದ ಗಂಡೊಂದರ ಬಗ್ಗೆ ಅಮ್ಮ ಅಪ್ಪನಿಗೆ ಹೇಳುತ್ತಿದ್ದ "ಅವನ ತಲೆ ನೋಡಿದ್ರಾ, ನುಣ್ಣಗೆ ತೆಂಗಿನ ಚಿಪ್ಪು!" ಎಂಬ ಮಾತು, ಕರೆಂಟು ಹೋದ ಕ್ಷಣದಲ್ಲೇ ಹೊರಬಿದ್ದು, ಮೂರನೇ ಮನೆಯಲ್ಲಿದ್ದ ಅವನ ಸೋದರತ್ತೆಗೆ ನೆಟ್ಟಗೆ ತಲುಪಿತು. ಆ ಸಂಬಂಧ ಅಲ್ಲಿಗೇ ಮುಗಿಯಿತು. ನನಗೆ ಬೇಸರವಾಗಲಿಲ್ಲ. ನಾನು ಆಗ ಬೆಂಗಳೂರಿಗೆ ಬಸ್ಸಿನಲ್ಲಿ ಓಡಾಡಿಕೊಂಡು ಭೌತಶಾಸ್ತ್ರದಲ್ಲಿ ಎಂಎಸ್ಸಿ ಓದುತ್ತಿದ್ದೆ. ತೊಂಬತ್ತರ ದಶಕದ ನಡುವಿನ ವರ್ಷಗಳು. ಓದು ಮುಗಿಯುವವರೆಗೆ ಎಲ್ಲ ಗಂಡುಗಳ ತಲೆಯಲ್ಲೂ ಏನಾದರೊಂದು ಕೊರತೆ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಅನಾಹುತ ಶುರುವಾದದ್ದು ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚಿನ ಸೀಜನ್ನಿನಲ್ಲಿ. ಅಂಗಡಿಯವರು ಸೀರೆಗೆ ಆತುರ ಮಾಡುತ್ತಿದ್ದರು, ಕರೆಂಟು ತನ್ನ ಪಾಡಿಗೆ ಬಂದು ಹೋಗಿ ಮಾಡುತ್ತಿತ್ತು. ಒಂದು ಮಗ್ಗದ ಹಾಸು ಮುಗಿದಿತ್ತು. ದೊಡ್ಡಮ್ಮ ಗೋಡೆಗೊರಗಿ "ಕರೆಂಟ್ ಬರ್ಲಿ" ಅಂದಳು. ಅಪ್ಪನಿಗೆ ಅವತ್ತು ತಾಳ್ಮೆ ಇರಲಿಲ್ಲ.

"ಕರೆಂಟ್ ಬರೋಷ್ಟ್ರಲ್ಲಿ ಕೆಚ್ಚಿ ಮುಗ್ಸಿದ್ರೆ ತಾನೇ ಮಗ್ಗ ಓಡೋದು, ಅತ್ತಿಗೆ? ಏನಿದು ಚಿಕ್ಕ ಮಕ್ಕಳ ಹಟ!"

ಅಪ್ಪ ಅವಳ ಮುಂದೆ ಧ್ವನಿ ಏರಿಸಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ದೊಡ್ಡಮ್ಮ ಎಲೆ ಅಡಿಕೆ ಉಗಿದು, ಬಾಯಿ ತೊಳೆದು, ಬೂದಿಗೆ ಬೆರಳಿಟ್ಟಳು. ಆ ಹಾಸಿನಲ್ಲಿ ನೇಯ್ದ ಸೀರೆಗಳಲ್ಲಿ ಮೂರು ಕಡೆ ಗೆರೆ ಬಿದ್ದಿತ್ತು. ಎಲ್ಲವೂ ಮಡಚಿಕೊಂಡು ವಾಪಸ್ ಬಂದವು.

ಅಪ್ಪನಿಗೆ ತಾನು ಬೈದದ್ದೇ ಕಾರಣ ಅನ್ನಿಸಿತು. ಅವನು ಕೆಟ್ಟವನಲ್ಲ, ಪಶ್ಚಾತ್ತಾಪ ಪಟ್ಟರೆ ದೊಡ್ಡದಾಗಿಯೇ ಪಡುವವನು. ಮುಂದಿನ ಹಾಸು ಕೆಚ್ಚುವ ದಿನ ಕರೆಂಟಿತ್ತು. ಆದರೂ ಅಪ್ಪ ಉಳಿದ ಮೂರೂ ಮಗ್ಗಗಳನ್ನು ನಿಲ್ಲಿಸಿಬಿಟ್ಟ. ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಬೇರೆ, ಈ ಗಲಾಟೆಯಲ್ಲಿ ಪಾಪ ಹೇಗೆ ಗಮನ ಇಟ್ಟಾಳು, ನೆಮ್ಮದಿಯಾಗಿ ಮಾಡಲಿ ಎಂಬುದು ಅವನ ಲೆಕ್ಕ. ಓಡುವ ಮಗ್ಗವನ್ನು ಸೀಜನ್ನಿನಲ್ಲಿ ನಿಲ್ಲಿಸುವುದೆಂದರೆ ಎಂಥ ತ್ಯಾಗ ಎಂದು ನಮ್ಮ ಬೀದಿಯವರಿಗಷ್ಟೇ ಗೊತ್ತು. ಬಾಗಿಲು ಹಾಕಿಸಿದ. ರೇಡಿಯೋ ಆರಿಸಿದ. ಅಮ್ಮ ಒಗ್ಗರಣೆ ಹಾಕಿದ್ದಕ್ಕೂ "ಸ್ವಲ್ಪ ಮೆತ್ತಗೆ ಹಾಕು" ಎಂದು ಹೇಳಿ ಬಂದ. ಒಗ್ಗರಣೆಯನ್ನು ಮೆತ್ತಗೆ ಹಾಕುವುದು ಹೇಗೆಂದು ಅಮ್ಮ ಇವತ್ತಿಗೂ ಕೇಳುತ್ತಾಳೆ.

ಆ ಹಾಸಿನಲ್ಲಿ ಮೊದಲಿಗಿಂತ ಹೆಚ್ಚು ಗೆರೆ ಬಿದ್ದವು.

 ಅಪ್ಪ ಪಕ್ಕದ ಬೀದಿಯ ಕೆಚ್ಚುವವನನ್ನು ಕರೆಸಿದ. ಅವನು ನಲವತ್ತರ ಆಸುಪಾಸಿನವನು, ಸದ್ದಿರಲಿ ಬಿಡಲಿ ಸರಸರನೆ ಹೊಸೆಯುತ್ತಿದ್ದ. ದೊಡ್ಡಮ್ಮನಿಗೆ ಅಪ್ಪ, "ನೀವು ಇಷ್ಟು ವರ್ಷ ದುಡಿದದ್ದು ಸಾಕು ಅತ್ತಿಗೆ, ಆರಾಮಾಗಿರಿ" ಅಂದ. ಪ್ರೀತಿಯಿಂದಲೇ ಅಂದ. ಆದರೆ ಆರಾಮಾಗಿರಿ ಎಂಬ ಮಾತು ಅವಳ ಮೇಲೆ ಬರೆಯ ಹಾಗೆ ಬಿತ್ತು. ಮರುದಿನ ಬೂದಿ ಬಟ್ಟಲನ್ನು ತಂದು ಅಮ್ಮನ ಮುಂದಿಟ್ಟು, "ಪಾತ್ರೆ ಉಜ್ಜೋಕೆ ಇಟ್ಕೊಳೇ" ಅಂದಳು. ಜಗಳವಾಡಲು ಅಮ್ಮನಿಗೆ ಕೂಡ ಮನಸ್ಸು ಬರಲಿಲ್ಲ.

ಅದಾದ ಮೇಲೆ ದೊಡ್ಡಮ್ಮ ಮನೆಯಲ್ಲಿ ನೆಂಟಳ ಹಾಗೆ ಇರತೊಡಗಿದಳು. ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಿರಲಿಲ್ಲ. ಕಾಫಿ ಕೊಟ್ಟರೆ "ಯಾಕೆ ತೊಂದ್ರೆ" ಅನ್ನುತ್ತಿದ್ದಳು. ಒಂದು ಸಂಜೆ ನನ್ನನ್ನು ಕರೆದು, "ನಲ್ಲೂರಿಗೆ ಬಸ್ಸು ಎಷ್ಟೊತ್ತಿಗಿದೆ ಅಂತ ವಿಚಾರಿಸ್ಕೊಂಡು ಬಾರೇ" ಅಂದಳು. ಹುಣಸೇಕಾಯಿ ಕಾಲ ಅಲ್ಲವಲ್ಲ ಎಂದು ತಮಾಷೆ ಮಾಡಲು ಹೋದೆ. ಅವಳು ನಗಲಿಲ್ಲ. "ಕೂತು ತಿನ್ನೋಳಾಗಿ ಈ ಮನೇಲಿ ಇರಲ್ಲ ಕಣೇ. ತವರಲ್ಲಾದ್ರೆ ಕೂತು ತಿಂದ್ರೂ ಮಗಳು," ಅಂದಳು. ನನ್ನನ್ನು ಓದಿಸಬೇಕೆಂದು ಅಪ್ಪನ ಜೊತೆ ಹಟ ಮಾಡಿದವಳು ಇವಳು. ಬಸ್ಸಿನ ಸಮಯ ಗೊತ್ತಿದ್ದರೂ ಗೊತ್ತಿಲ್ಲ ಅಂದೆ.

ಅದೇ ವಾರ ಕಾಲೇಜಿನ ಲೈಬ್ರರಿಯಲ್ಲಿ ಸೆಮಿನಾರಿಗೆ ವಿಷಯ ಹುಡುಕುತ್ತ ಕೂತಿದ್ದೆ. ಒಂದು ಪತ್ರಿಕೆಯಲ್ಲಿ ಸ್ಟೊಕಾಸ್ಟಿಕ್ ರೆಸೊನೆನ್ಸ್ ಎಂಬ ಲೇಖನ ಸಿಕ್ಕಿತು. ಭೂಮಿಯ ಮೇಲೆ ಹಿಮಯುಗಗಳು ಬಂದು ಹೋಗುವುದನ್ನು ವಿವರಿಸಲು ಹುಟ್ಟಿದ ಕಲ್ಪನೆ ಅದು. ಸಾರಾಂಶ ಇಷ್ಟು: ಕೆಲವು ವ್ಯವಸ್ಥೆಗಳಿಗೆ ಒಂದು ಹೊಸ್ತಿಲು ಇರುತ್ತದೆ. ಹೊರಗಿನಿಂದ ಬರುವ ಸಂಕೇತ ಹೊಸ್ತಿಲು ದಾಟಿದರೆ ಮಾತ್ರ ಒಳಗೆ ಏನಾದರೂ ಆಗುತ್ತದೆ, ಇಲ್ಲದಿದ್ದರೆ ಬಂದದ್ದೇ ಗೊತ್ತಾಗುವುದಿಲ್ಲ. ತೀರ ದುರ್ಬಲವಾದ ಸಂಕೇತ ಒಂಟಿಯಾಗಿ ಬಂದರೆ ಹೊರಗೇ ನಿಲ್ಲುತ್ತದೆ. ಅದರ ಜೊತೆಗೆ ಗೊತ್ತುಗುರಿಯಿಲ್ಲದ ಗದ್ದಲ ಸ್ವಲ್ಪ ಸೇರಿದರೆ, ಗದ್ದಲ ಆಗಾಗ ಅದನ್ನು ಎತ್ತಿ ದಾಟಿಸುತ್ತದೆ. ಸಂಕೇತ ಮೇಲಿರುವಾಗ ದಾಟುವುದು ಸುಲಭ, ಕೆಳಗಿರುವಾಗ ಕಷ್ಟ. ಹಾಗಾಗಿ ದಾಟಿ ಬಂದದ್ದರಲ್ಲಿ ಸಂಕೇತದ ಲಯವೇ ಹೆಚ್ಚು ಕಾಣುತ್ತದೆ. ಗದ್ದಲ ಕಡಿಮೆಯಾದರೆ ಏನೂ ದಾಟದು. ಜಾಸ್ತಿಯಾದರೆ ಸಿಕ್ಕಿದ್ದೆಲ್ಲ ದಾಟಿ ಕಲಸುಮೇಲೋಗರ. ನಡುವೆ ಎಲ್ಲೋ ಒಂದು ಹದವಿದೆ.

ಓದಿ, ಇದೆಂಥ ಮಣ್ಣಂಗಟ್ಟಿ ಅಂದುಕೊಂಡೆ. ಗದ್ದಲವನ್ನು ಕಡಿಮೆ ಮಾಡುವುದು ಹೇಗೆಂದು ವರ್ಷಗಟ್ಟಲೆ ಪಾಠ ಹೇಳಿದ ಮೇಷ್ಟ್ರುಗಳು ನೆನಪಾದರು. ಬಸ್ಸು ಹತ್ತಿ, ಯಲಹಂಕ ದಾಟುವವರೆಗೂ ಆ ಲೇಖನ ಬರೆದವರ ಜೊತೆ ಮನಸ್ಸಿನಲ್ಲೇ ಜಗಳವಾಡಿದೆ. ಮನೆಗೆ ಬಂದಾಗ ಕರೆಂಟಿರಲಿಲ್ಲ. ಅಮ್ಮ ಅಕ್ಕಪಕ್ಕದವರ ಹತ್ತಿರ ದೊಡ್ಡಮ್ಮನ ವಿಷಯ ಹೇಳುತ್ತ, "ಪಾಪ, ಕರೆಂಟ್ ಕರೆಂಟ್ ಅನ್ನೋಳು. ಕುಣಿಯಲಾರದವಳಿಗೆ ನೆಲ ಡೊಂಕು, ಅಷ್ಟೆ" ಅಂದಳು. ನಾನು ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತೆ. ಈ ಗಾದೆ ಹೇಳಿದವರು ಯಾರೂ ಒಂದು ಸಲ ಬಗ್ಗಿ ನೆಲ ನೋಡಿರಲಿಲ್ಲ. ಕರೆಂಟಿದ್ದಾಗ ನಮ್ಮ ಷೆಡ್ಡಿನ ನೆಲ ನಡುಗುತ್ತದೆ. ಮಗ್ಗದ ಚೌಕಟ್ಟು ನಡುಗುತ್ತದೆ. ಅದರ ಮೇಲೆ ಊರಿದ ಮೊಣಕೈ ನಡುಗುತ್ತದೆ. ಕರೆಂಟು ಹೋದಾಗ ಗೆರೆ ಬಿತ್ತು, ಅಪ್ಪ ಮಗ್ಗಗಳನ್ನು ನಿಲ್ಲಿಸಿದಾಗ ಮತ್ತೂ ಬಿತ್ತು. ಸಕ್ಕರೆ ಕಾಯಿಲೆಯಲ್ಲಿ ಬೆರಳ ತುದಿ ಜೋಮು ಹಿಡಿಯುತ್ತದೆ, ಅಂದರೆ ಆ ನರಗಳ ಹೊಸ್ತಿಲು ಎತ್ತರವಾಗಿದೆ. ಎಳೆ ಒಂದೋ ಎರಡೋ ಎಂಬ ಸಣ್ಣ ಸುದ್ದಿ ಹೊರಗೇ ನಿಂತುಬಿಡುತ್ತಿದೆ. ಮಗ್ಗದ ನಡುಕ ಅದನ್ನು ಎತ್ತಿ ದಾಟಿಸುತ್ತಿತ್ತು.

ನಾನು ನೇರ ಅಡುಗೆಮನೆಗೆ ಹೋಗಿ ಪಡ್ಡಿನ ಹಂಚು ತೆಗೆದುಕೊಂಡೆ. ಕರೆಂಟು ಬಂದು ಮಗ್ಗಗಳು ಶುರುವಾದ ಮೇಲೆ ಅಪ್ಪನನ್ನು ಷೆಡ್ಡಿಗೆ ಕರೆದೆ. ಹಂಚಿನ ಒಂದು ಗುಳಿಯಲ್ಲಿ ಗಾಜಿನ ಗೋಲಿ ಇಟ್ಟು, ಹಂಚನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಎಡಕ್ಕೂ ಬಲಕ್ಕೂ ವಾಲಿಸಿದೆ. ಗೋಲಿ ಗುಳಿಯಲ್ಲೇ ಅತ್ತಿತ್ತ ಆಡಿತು, ಪಕ್ಕದ ಗುಳಿಗೆ ಹೋಗಲಿಲ್ಲ.

"ನೋಡಿದ್ಯಾ ಅಪ್ಪ? ವಾಲಿಸೋದು ಸಾಲ್ತಿಲ್ಲ. ಈಗ ನೋಡು." ಹಂಚಿನ ಅಂಚನ್ನು ಓಡುವ ಮಗ್ಗದ ಚೌಕಟ್ಟಿಗೆ ಆನಿಸಿ ಮತ್ತೆ ಅಷ್ಟೇ ಮೆಲ್ಲಗೆ ವಾಲಿಸಿದೆ. ಗೋಲಿ ಗಡಗಡ ನಡುಗಿ, ಎಡಕ್ಕೆ ವಾಲಿಸಿದಾಗ ಎಡದ ಗುಳಿಗೆ, ಬಲಕ್ಕೆ ವಾಲಿಸಿದಾಗ ಬಲದ ಗುಳಿಗೆ ಹಾರತೊಡಗಿತು. ಲೇಖನ ಬರೆದವರ ಜೊತೆಗಿದ್ದ ಜಗಳವನ್ನು ಅಲ್ಲಿಗೇ ಬಿಟ್ಟೆ.

ಅಪ್ಪ ಗೋಲಿಯನ್ನೂ ನನ್ನನ್ನೂ ನೋಡಿದ. "ಇದಕ್ಕಾ ನಿನ್ನ ದಿನಾ ಬೆಂಗ್ಳೂರಿಗೆ ಕಳಿಸ್ತಿರೋದು?"

"ಅಪ್ಪ, ಈ ಗೋಲಿ ದೊಡ್ಡಮ್ಮನ ಬೆರಳು ಇದ್ದಂಗೆ. ನಡುಕ ಇದ್ರೆ ಗೊತ್ತಾಗತ್ತೆ, ಇಲ್ದಿದ್ರೆ ಇಲ್ಲ. ನೀನು ಮಗ್ಗ ನಿಲ್ಸಿದ್ದೇ ತಪ್ಪಾಯ್ತು."

"ಅಂದ್ರೆ ಗಲಾಟೆ ಒಳ್ಳೇದಾ?"

"ಹದವಾಗಿದ್ರೆ ಒಳ್ಳೇದು. ಹಿಮಯುಗನೂ ಹಿಂಗೇ ಬಂದಿದ್ದಿರಬೋದು ಅಂತಾರೆ."

ಹಿಮಯುಗದ ಮಾತು ಎತ್ತಬಾರದಿತ್ತು. ಅಪ್ಪ ಕೈ ಮುಗಿದು ಹೊರಟೇಹೋದ. ಅಷ್ಟರಲ್ಲಿ ಅಮ್ಮ ಬಂದು, ಹಂಚಿನ ಅಂಚು ಮಗ್ಗಕ್ಕೆ ತಿಕ್ಕಿ ಕಪ್ಪು ಗ್ರೀಸು ಹತ್ತಿದ್ದನ್ನು ಕಂಡು, ನನ್ನ ಓದನ್ನೂ, ಓದಿಸಿದವರನ್ನೂ, ಲೈಬ್ರರಿಯನ್ನೂ ಸೇರಿಸಿ ಬೈದಳು.

ಅಪ್ಪನನ್ನು ಒಪ್ಪಿಸುವುದು ಆಮೇಲೆ, ಮೊದಲು ದೊಡ್ಡಮ್ಮನನ್ನೇ ಪರೀಕ್ಷೆ ಮಾಡುತ್ತೇನೆಂದು ಹೊರಟೆ. ಕೆಚ್ಚುವವನ ಕೆಲಸ ನಡೆಯುತ್ತಿದ್ದ ಷೆಡ್ಡಿಗೆ ಅವಳು ಕಾಲಿಡುತ್ತಿರಲಿಲ್ಲ. ಹಾಗಾಗಿ ಪ್ರಯೋಗಾಲಯ ಅಡುಗೆಮನೆಗೇ ಬಂತು. ಅವಳ ಕಣ್ಣಿಗೆ ಅವಳದೇ ಸೆರಗು ಕಟ್ಟಿ, ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಒಂದು ಎಳೆ, ಒಮ್ಮೆ ಎರಡು ಎಳೆ ಇಟ್ಟು "ಎಷ್ಟು?" ಎಂದು ಕೇಳಿದೆ.

"ಎರಡು," ಅಂದಳು. ಮತ್ತೆ ಕೇಳಿದೆ. "ಎರಡು." ಏನೂ ಇಡದೆ ಕೇಳಿದೆ. "ಎರಡು!"

"ದೊಡ್ಡಮ್ಮ, ಅಲ್ಲಿ ಎಳೆನೇ ಇರ್ಲಿಲ್ಲ!"

"ಇರ್ಲಿ ಬಿಡೇ. ಒಂದು ಅಂದು ತಪ್ಪಾದ್ರೆ ಸೀರೆ ಹಾಳಾಗತ್ತೆ. ಎರಡು ಅಂದು ತಪ್ಪಾದ್ರೆ ಯಾರಪ್ಪನ ಗಂಟು ಹೋಗತ್ತೆ?"

ಅಂಕಿಅಂಶಗಳ ಪಾಠ ಹೇಳುವವರು ಇಂಥವರನ್ನು ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ. ತಪ್ಪು ಹೇಳಿದರೂ ಪರವಾಗಿಲ್ಲ, ಇದು ಸೀರೆಯಲ್ಲ ಎಂದು ನಾನು ಗಂಟಲು ಹರಿದುಕೊಂಡ ಮೇಲೆ ನಿಜ ಹೇಳಿದಳು: "ಏನೂ ಗೊತ್ತಾಗ್ತಿಲ್ಲ ಕಣೇ. ಹತ್ತಿ ಹಿಡ್ಕೊಂಡಂಗಿದೆ." ಅದನ್ನು ಹೇಳುವಾಗ ಅವಳ ಮುಖ ನೋಡಲು ನನಗಾಗಲಿಲ್ಲ. ಸೆರಗು ಕಟ್ಟಿದ್ದರಿಂದ ಪೂರ್ತಿ ಕಾಣುತ್ತಲೂ ಇರಲಿಲ್ಲ.

ಟೇಬಲ್ ಫ್ಯಾನು ತಂದು ಅವಳ ಮೊಣಕೈಯನ್ನು ಅದರ ಬುಡಕ್ಕೆ ಒತ್ತಿ ಕೂರಿಸಿದೆ. ವ್ಯತ್ಯಾಸವಿಲ್ಲ, ಎಳೆ ಮಾತ್ರ ಹಾರಿಹೋಯಿತು. ಮಿಕ್ಸಿಗೆ ಆನಿಸಿದೆ. "ಅಯ್ಯಯ್ಯೋ, ಹಲ್ಲೆಲ್ಲಾ ಜುಮ್ ಅಂತಿದೆ! ಎಳೆ ಹಿಡ್ದಿದೀನೋ ಹಗ್ಗ ಹಿಡ್ದಿದೀನೋ ಗೊತ್ತಾಗ್ತಿಲ್ಲ, ಆರ್ಸೇ!" ಎಂದು ಕಿರುಚಿದಳು. ಉಳಿದದ್ದು ಅಮ್ಮನ ಗ್ರೈಂಡರು. ಅದನ್ನು ಬರಿದಾಗಿ ತಿರುಗಿಸಿದರೆ ಕಲ್ಲು ಸವೆಯುತ್ತದೆ, ಉದ್ದು ಅಕ್ಕಿ ನೆನೆಸಿದ್ದರೆ ಮಾತ್ರ ಹಾಕು ಎಂದು ಅಮ್ಮ ಅಡ್ಡ ನಿಂತಳು. ವಿಜ್ಞಾನಕ್ಕಾಗಿ ಉದ್ದು ಅಕ್ಕಿ ನೆನೆಯಿತು. ಮರುದಿನ ದೊಡ್ಡಮ್ಮ ಗ್ರೈಂಡರಿನ ಪೆಟ್ಟಿಗೆಗೆ ಮೊಣಕೈ ಆನಿಸಿ ಕೂತಳು. ಹಿಟ್ಟು ತಿರುಗತೊಡಗಿತು.

"ಎಷ್ಟು?"

ತಡೆದಳು. ಬೆರಳು ಮೆಲ್ಲಗೆ ಹೊಸೆದಳು. "ಒಂದು."

ಒಂದೇ ಇತ್ತು.

"ಈಗ?"

"ಎರಡು... ಅಲ್ಲ, ಇರು. ಎರಡೇ."

ಎರಡೇ ಇತ್ತು. ಎಲ್ಲವನ್ನೂ ಸರಿಯಾಗಿ ಹೇಳಿದಳೆಂದರೆ ಸುಳ್ಳಾಗುತ್ತದೆ. ಆದರೆ ತಪ್ಪುಗಳು ವಿರಳವಾದವು. ಗ್ರೈಂಡರು ಆರಿಸಿದರೆ ಮತ್ತೆ ಹತ್ತಿ, ಹಾಕಿದರೆ ಮತ್ತೆ ಎಳೆ. ನಂಬಿಕೆಯಾಗಲೆಂದು ನಾನು ದಿನಾ ಪ್ರಯೋಗ ಮಾಡಿದೆ, ಮನೆಮಂದಿಯೆಲ್ಲ ದಿನಾ ಇಡ್ಲಿ ತಿಂದರು. ಇಡ್ಲಿ ಮುಗಿದು ದೋಸೆ, ದೋಸೆ ಹುಳಿಯಾಗಿ ಪಡ್ಡು. ಅಪ್ಪ ತಟ್ಟೆ ನೋಡಿದ ಕೂಡಲೇ ನಿಟ್ಟುಸಿರು ಬಿಡುತ್ತಿದ್ದ.

ಇಷ್ಟಾದರೂ ಮಗ್ಗದ ಮುಂದೆ ಕೂರಲು ದೊಡ್ಡಮ್ಮ ಒಪ್ಪಲಿಲ್ಲ. "ಹಿಟ್ಟಿನ ಮುಂದೆ ಆಟ ಆಡ್ದಂಗಲ್ಲ ಹಾಸು ಕೆಚ್ಚೋದು. ಇನ್ನೊಂದ್ಸಲ ಗೆರೆ ಬಿದ್ರೆ ನಾನು ಯಾವ ಮುಖ ಇಟ್ಕೊಂಡು ಊಟಕ್ಕೆ ಕೂರ್ಲಿ?" ಅಂದಳು. ನಲ್ಲೂರಿನಿಂದ ಅವಳ ತಮ್ಮ ಮುಂದಿನ ವಾರ ಬಂದು ಕರೆದುಕೊಂಡು ಹೋಗುತ್ತಾನೆಂದು ಅಮ್ಮ ನನಗೆ ಹೇಳಿದಳು. ದೊಡ್ಡಮ್ಮನ ಟ್ರಂಕಿನ ಮೇಲೆ ಅವಳ ಸೀರೆಗಳು ಮಡಚಿ ಕೂತಿದ್ದವು. ಅವಳ ಮೇಲೆ ಸದಾ ಗೊಣಗುವ ಅಮ್ಮ ಅಂದು ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತಳು.

ಅವಳ ತಮ್ಮ ಬರುವುದಕ್ಕೆ ಮೊದಲೇ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಬೆಳಗ್ಗೆ ಢಬ್ಬೆಂದ ಸದ್ದಿನ ಮೇಲೆ ಬೀದಿಗೆ ಬೀದಿಯೇ ತಣ್ಣಗಾಯಿತು. ಸಂಜೆಗೆ ಸರಿಮಾಡುತ್ತೇವೆಂದು ಲೈನ್‌ಮನ್ ಹೇಳಿ ಹೋದ. ಒಂದು ಮಗ್ಗದ ಹಾಸು ಹಿಂದಿನ ದಿನವೇ ಮುಗಿದು ಹೊಸ ಬೀಮು ಕೂತಿತ್ತು, ಮರುದಿನ ಸೀರೆ ಒಯ್ಯಲು ಅಂಗಡಿಯವರು ಬರುವವರಿದ್ದರು. ಕೆಚ್ಚುವವನು ಬೆಳಗ್ಗೆ ಬರಬೇಕಿತ್ತು. ನೆಂಟರ ಮನೆಯ ನಾಮಕರಣ ಮುಗಿಸಿಕೊಂಡು ಸಂಜೆಗೆ ಬರುತ್ತೇನೆಂದು ಹೇಳಿ ಕಳಿಸಿದ. ಸಂಜೆಯೊಳಗೆ ಕೆಚ್ಚಿ ಮುಗಿದರೆ ರಾತ್ರಿಯಿಡೀ ಮಗ್ಗ ಓಡಿಸಬಹುದು, ಅವನು ಸಂಜೆ ಶುರುಮಾಡಿದರೆ ಓಡುವುದು ಮರುದಿನವೇ. ಅಪ್ಪ ಷೆಡ್ಡಿನಲ್ಲಿ ಬೋನಿಗೆ ಬಿದ್ದ ಕರಡಿಯ ಹಾಗೆ ಶತಪಥ ಹಾಕುತ್ತಿದ್ದ.

"ದೊಡ್ಡಮ್ಮ ಇದಾಳಲ್ಲಪ್ಪ," ಅಂದೆ.

"ಕರೆಂಟಿಲ್ಲ."

ಅಪ್ಪ ಹಾಗಂದು, ತಾನು ಅಂದದ್ದು ತನಗೇ ಕೇಳಿಸಿ, ನನ್ನ ಮುಖ ನೋಡಿದ. ಅಲ್ಲಿಯವರೆಗೆ ನಂಬಿರಲಿಲ್ಲವೆಂದು ತೋರಿಸಿಕೊಂಡಿದ್ದವನು, ಅಷ್ಟು ಇಡ್ಲಿ ತಿಂದ ಮೇಲೆ ನಂಬಿಬಿಟ್ಟಿದ್ದ. ನೇರ ಹೊರಗೆ ಹೋಗಿ, ಬೀದಿಯಲ್ಲಿ ನಿಲ್ಲಿಸಿದ್ದ ತನ್ನ ಹಳೆಯ ಸ್ಕೂಟರನ್ನು ಪಕ್ಕದ ಓಣಿಯಿಂದ ಹಿತ್ತಿಲಿಗೆ ತಳ್ಳಿಕೊಂಡು ಬಂದ. ಹೊಗೆ ಹೊರಗೆ ಹೋಗಲೆಂದು ಹಿಂಭಾಗವನ್ನು ಹಿತ್ತಿಲ ಬಾಗಿಲಿಗೆ ಮಾಡಿ, ಮುಂಭಾಗವನ್ನು ಷೆಡ್ಡಿನೊಳಗೆ ತಂದು, ಮಗ್ಗದ ಚೌಕಟ್ಟಿಗೂ ಸ್ಕೂಟರಿಗೂ ನಡುವೆ ಗೋಣಿಚೀಲ ಮಡಚಿ ತುರುಕಿ, ಸ್ಟ್ಯಾಂಡ್ ಹಾಕಿದ. ಆಮೇಲೆ ಒಳಮನೆಗೆ ಹೋಗಿ ಟ್ರಂಕಿನ ಪಕ್ಕ ಕೂತಿದ್ದ ದೊಡ್ಡಮ್ಮನ ಮುಂದೆ ನಿಂತ.

"ಅತ್ತಿಗೆ, ಒಂದ್ಸಲ ಬಂದು ಕೂತ್ಕೊಳ್ಳಿ."

"ಬೇಡ ಕಣಪ್ಪಾ. ಎರಡೆಳೆ ಸೇರ್ಕೊಂಡ್ರೆ?"

"ಸೇರ್ಕೊಂಡ್ರೆ ಸೇರ್ಕೊಳ್ಲಿ. ಆ ಸೀರೆನೆಲ್ಲಾ ನಮ್ಮನೆಯವಳೇ ಉಡ್ತಾಳೆ."

"ನಾನ್ಯಾಕ್ರೀ ಗೆರೆ ಸೀರೆ ಉಡ್ಲಿ?" ಎಂದು ಅಡುಗೆಮನೆಯಿಂದ ಅಮ್ಮ ಕೂಗಿದಳು. ಕೂಗಿದವಳೇ ಬೂದಿ ಬಟ್ಟಲನ್ನು ತಂದು ದೊಡ್ಡಮ್ಮನ ಕೈಗಿಟ್ಟಳು. ಪಾತ್ರೆ ಉಜ್ಜಿ ಅದನ್ನು ಖಾಲಿ ಮಾಡಿರಲಿಲ್ಲ. "ಹೋಗಕ್ಕ. ನೀನು ಹೋದ್ರೆ ನಂಗ್ಯಾರ ಮೇಲೆ ಗೊಣಗೋಕಾಗತ್ತೆ?" ಅಂದಳು.

ಅಪ್ಪ ಕಿಕ್ ಹೊಡೆದ. ಸ್ಕೂಟರು ಕೆಮ್ಮಿ, ಉಗಿದು, ಮೂರನೆಯ ಏಟಿಗೆ ಹತ್ತಿಕೊಂಡಿತು. ದೊಡ್ಡಮ್ಮ ಪಾದಗಳನ್ನು ಮಗ್ಗದ ಕಾಲಿಗೆ ಒತ್ತಿ ಮೊಣಕೈ ಊರಿದಳು.

"ಜಾಸ್ತಿ ಆಯ್ತು," ಅಂದಳು. ಅಪ್ಪ ಆಕ್ಸಿಲರೇಟರ್ ಇಳಿಸಿದ. "ಕಮ್ಮಿ ಆಯ್ತು." ಏರಿಸಿದ. "ಇನ್ನೊಂಚೂರು... ಹಾ. ಹಂಗೇ ಹಿಡ್ಕೋ. ಅಲ್ಲಾಡ್ಬೇಡ."

ಲೇಖನದಲ್ಲಿ ಏರಿ ಇಳಿಯುವ ಒಂದು ರೇಖೆ ಇತ್ತು. ಗದ್ದಲದ ಹದ ಎಲ್ಲಿದೆ ಎಂದು ತೋರಿಸುವ ರೇಖೆ. ಅದರ ತುದಿಯನ್ನು ಹಿಡಿದು ನಮ್ಮಪ್ಪ ಅಲ್ಲಾಡದೆ ನಿಂತ. ಬೀದಿಯವರು ಒಬ್ಬೊಬ್ಬರಾಗಿ ಹಿತ್ತಿಲ ಗೋಡೆಯ ಮೇಲೆ ತಲೆ ಇಟ್ಟರು. "ಏನ್ ಗುರು, ಸ್ಕೂಟ್ರು ಮಗ್ಗ ತಂದ್ಯಾ? ಮೈಲೇಜೆಷ್ಟು ಬರತ್ತೆ?" ಎಂದು ಒಬ್ಬ ಕೇಳಿದ. ಅಪ್ಪ ತಿರುಗಿ ಉತ್ತರ ಕೊಡಲು ಹೋದಾಗ ಕೈ ಅಲ್ಲಾಡಿತು. ದೊಡ್ಡಮ್ಮ ತಲೆ ಎತ್ತದೆ, "ಏಯ್!" ಅಂದಳು. ಅಪ್ಪ ಮತ್ತೆ ತುಟಿ ಬಿಚ್ಚಲಿಲ್ಲ. ಅವನ ಕೈ ಸೋತಾಗ ನಾನು ಹಿಡಿದೆ, ನನ್ನದು ಸೋತಾಗ ಅಮ್ಮ ಹಿಡಿದಳು. ಗೋಡೆಯ ಮೇಲಿದ್ದವನೇ ಹೋಗಿ ಪೆಟ್ರೋಲು ತಂದುಕೊಟ್ಟ.

ಮಧ್ಯಾಹ್ನ ಕಳೆದ ಮೇಲೆ ಎಲ್ಲೋ ಒಂದು ಕಡೆ ದೊಡ್ಡಮ್ಮನ ಬೆರಳು ನಿಂತಿತು. ಅವಳು ಹಿಡಿದದ್ದನ್ನು ಮತ್ತೊಮ್ಮೆ ಹೊಸೆದು ನೋಡಿ, "ಇಲ್ಲಿ ಎರಡಿದೆ" ಅಂದಳು. ನಾನು ಬಗ್ಗಿ ಕಣ್ಣು ಕಿರಿದು ಮಾಡಿ ನೋಡಿದೆ, ನನಗೆ ಒಂದೇ ಕಾಣಿಸಿತು. ಅವಳು ಉಗುರಿನಿಂದ ಬಿಡಿಸಿದಾಗ ಎರಡಾಯಿತು. ಅವಳು ನನ್ನನ್ನು ನೋಡಿ ನಕ್ಕಳು. ಎಷ್ಟೋ ವಾರಗಳ ಮೇಲಿನ ನಗು. ನನಗೆ ಎಂಎಸ್ಸಿಯಲ್ಲಿ ಆಮೇಲೆ ಸಿಕ್ಕ ಯಾವ ಅಂಕವೂ ಅಷ್ಟು ಸಂತೋಷ ಕೊಡಲಿಲ್ಲ.

ಕೊನೆಯ ಎಳೆಗಳ ಹೊತ್ತಿಗೆ ಪಕ್ಕದ ಬೀದಿಯ ಕೆಚ್ಚುವವನು ನಾಮಕರಣದ ಹೊಸ ಷರಟಿನಲ್ಲೇ ಬಂದು ನಿಂತ. ಸ್ಕೂಟರನ್ನೂ, ಅಮ್ಮನ ಕೈಯಲ್ಲಿದ್ದ ಆಕ್ಸಿಲರೇಟರನ್ನೂ ಮತ್ತೆ ಮತ್ತೆ ನೋಡಿದ. ದೊಡ್ಡಮ್ಮ ಕಡೆಯ ಎಳೆ ಹೊಸೆದಳು. ಅಮ್ಮ ಸ್ಕೂಟರು ಆರಿಸಿದಳು.

"ಇವತ್ತು ಬೇಡಪ್ಪ, ಆಯ್ತು," ಅಂದ ಅಪ್ಪ.

"ಸರಿ ಅಣ್ಣ. ಮುಂದಿನ ಹಾಸಿಗೆ ಬರ್ಲಾ?"

ಅಪ್ಪ ದೊಡ್ಡಮ್ಮನ ಕಡೆ ಕೈ ತೋರಿಸಿದ. "ಅತ್ತಿಗೆನ ಕೇಳು," ಅಂದ.

ದೊಡ್ಡಮ್ಮ ಅವಸರ ಮಾಡಲಿಲ್ಲ. ಬೂದಿ ಹತ್ತಿದ ಬೆರಳುಗಳನ್ನು ಒಂದೊಂದಾಗಿ ಸೆರಗಿಗೆ ಒರೆಸಿಕೊಂಡಳು. "ಬೇಡ ಕಣಪ್ಪಾ. ಕೈಲಾಗೋವರ್ಗೂ ನಾನೇ ಮಾಡ್ತೀನಿ. ಆಗಲ್ಲ ಅಂದ ದಿನ ನಾನೇ ನಿಂಗೆ ಹೇಳಿ ಕಳಿಸ್ತೀನಿ," ಅಂದಳು. ಆಮೇಲೆ ನನಗೆ, "ನಿಂತ್ಕೊಂಡು ಏನು ನೋಡ್ತಿದೀಯ, ಅವನಿಗೆ ಕಾಫಿ ಕೊಡೇ. ನಂಗೂ ತಾ, ಲೋಟ ತುಂಬಾ," ಅಂದಳು.

ಆ ಹಾಸಿನ ಸೀರೆ ಒಂದೂ ವಾಪಸ್ ಬರಲಿಲ್ಲ. ಕೆಚ್ಚುವವನಿಗೆ ಹೇಳಿ ಕಳಿಸಿದಳು, ಬಹಳ ವರ್ಷಗಳ ಮೇಲೆ. ಅವಳೇ ಹೇಳಿ ಕಳಿಸಿದಳು.